ತಿಪ್ಪಿ ಕೆಳಗಿನ ಹಗೇವ

ಅಲ್ಲ, ಹಾಲಿನಾಂವನ ಮ್ಯಾಲ ಯಾಕ ಹಾಕ್ತೀರಿ ಅದನ್ನ? ಕೂಸು ಕೆಮ್ಮಲತ್ತದ, ಖರೇ ಅದ, ಸಂಜಿ ಆತಂದ್ರ ಎದಿ ಗೊರಗೊರ ಅಂತದ, ಅದೂ ಖರೇ ಅದ. ಆದ್ರ ಮುಂಜಾನಿಂದ ಗಂಡ ಹೆಂಡ್ತಿ ಇಬ್ರೂ "ಹೊಸಾ ಹಾಲಿನಾಂವ ಏನೋ ಬೆರಸ್ತಾನ, ಏನೋ ಬೆರಸ್ತಾನ" ಅಂತ ಪಿಸಿಪಿಸಿ ನಡಿಸೀರಿ, ಮುದುಕಿಗಿ ಕಿವಿ ಕೇಳಾಂಗಿಲ್ಲ ಅಂತ ತಿಳಕೊಂಡೀರಿ. ಕೇಳ್ತಾವ. ಬೇಕಾದ್ದೆಲ್ಲಾ ಕೇಳ್ತಾವ. ಏ ಮಲ್ಲು, ಇಲ್ಲೇ ಬೀದರ ಬಾಜೂಕ ಕೊಳಾರದ ಕಾರ್ಖಾನ್ಯಾಗ ಮೂಗಿಗಿ ಬಾಯಿಗಿ ಅರಿವಿ ಕಟಗೊಂಡು ಕೆಲಸಾ ಮಾಡ್ತಿ ಹೌದಲ್ಲ? ಯಾಕ ಕಟಗೋತಿ? ಹಾಂ, ಧೂಳಾ ಒಳಗ ಹೋಗ್ತದಂತ. ಅಷ್ಟ ಗೊತ್ತದ ನಿನಗ, ಮನ್ಯಾಗ ಬಂದ ಕೂಡ್ಲೇ ಮರೀತದ. ಕುಂದ್ರು. ಸುನೀತಾ, ನೀನೂ ಕುಂದ್ರವಾ, ಅದು ಒಲಿ ಮ್ಯಾಲಿಂದು ಸಣ್ಣಗ ಮಾಡಿ ಬಾ. ನಾ ನಿಮಗಿಂತ ಭಾಳ ಸಂಶೇದ ಹೆಣಮಗಳು, ಮುಚ್ಚಿಟ್ಟ ಡಬ್ಬಿನೂ ನಾ ನಂಬಾಂಗಿಲ್ಲ, ತೆಗದು ಮೂಸೇ ನೋಡ್ತಿನಿ, ಅದಕ್ಕ ನೀವು ನಗ್ತೀರಿ. ಆದ್ರ ಮನಷ್ಯಾರ ಮ್ಯಾಲ ಸಂಶೇ ಹಾಕೋದಿದ್ರ ನಾ ಹತ್ತ ಸರ್ತಿ ನುಂಗಿ ಬಿಡ್ತಿನಿ. ಯಾಕಂದ್ರ ಒಮ್ಮಿ ನುಂಗಲಿಲ್ಲ, ಬಾಯಿ ಬಿಟ್ಟು ಹೇಳಿದ್ದೆ.

ಆವಾಗ ನಾನು ಇಷ್ಟೀದಕಿ, ನಿಮ್ಮ ಪುಟ್ಟಿಗಿಂತ ಜರಾ ದೊಡ್ಡಾಕಿ. ಭಾತಂಬ್ರಾ ದಾಟಿ ಆಚಿಗಿ ಒಂದು ಸಣ್ಣ ಊರು, ಭಾಲ್ಕಿ ತಾಲೂಕದಾಗೇ. ನಮ್ಮ ಮನ್ಯಾಗ ನಮ್ಮಪ್ಪ, ನಮ್ಮವ್ವ, ನಮ್ಮಪ್ಪನ ಅವ್ವ ಅಂದ್ರ ನಮ್ಮ ಆಯಿ, ನಾನು. ಮುತ್ಯಾ ತೀರಿಕೊಂಡಿದ್ದ. ಮನಿ ಕೀಲಿ, ಅಪ್ಪನ ಮಾತು, ಅವ್ವನ ಊಟ, ಎಲ್ಲಾ ಆಯಿ ಕೈಯಾಗೇ. ಆಕಿ ಬಡಿಸೂಮುಂದ ಸೊಸಿ ಗಂಗಾಳ ಕಡಿ ನೋಡಿ ಬಡಿಸ್ತಿದ್ದಳು, ಅಂಥಾಕಿ. ನಮ್ಮ ಗ್ವಾಡಿಗಿ ಗ್ವಾಡಿ ಹಚ್ಚಿ ಖಾಜಾಬಿ ಮನಿ. ಪಿಂಜಾರಾಕಿ, ಸಾಬರ ಪೈಕಿ. ಹತ್ತಿ ಹಿಂಜಿ ಗಾದಿ, ತಲಿದಿಂಬು ಮಾಡಿ ಕೊಡ್ತಿದ್ದಳು. ಗಂಡ ಎದಿಬ್ಯಾನಿಲಿಂದ ಹೋಗಿಬಿಟ್ಟಿದ್ದ, ಮಕ್ಕಳಿಲ್ಲ, ಅಣ್ಣತಮ್ಮರು ಬೀದರದಾಗ. ಒಬ್ಬಾಕಿನೇ ಆ ದೊಡ್ಡ ಕಮಾನ, ಬಿಲ್ಲಿನಂಥಾದ್ದು, ಜೋತು ಬಿಟ್ಟು ಧುಂಯ್ ಧುಂಯ್ ಅಂತ ಹಿಂಜತಿದ್ದಳು, ಬಾಯಿಗಿ ಮೂಗಿಗಿ ಸೆರಗ ಬಿಗದು, ಬಾಗಲಾ ಅಗಲ ತೆಗದು, ಥಂಡಿ ಇರ್ಲಿ ಗಾಳಿ ಇರ್ಲಿ ಬಾಗಲಾ ಮುಚ್ಚತಿದ್ದಿಲ್ಲ. ನಮ್ಮಂಗೇ ಕನ್ನಡ ಮಾತಾಡ್ತಿದ್ದಳು. ನಾ ಆಕಿಗಿ ಚಿಗವ್ವ ಅಂತಿದ್ದೆ.

ಹಗೇವ ಅಂದ್ರ ನಿಮಗ ಗೊತ್ತಿಲ್ಲ. ಈಗೆಲ್ಲಾ ಚೀಲ, ಡಬ್ಬಿ. ಆವಾಗ ಜ್ವಾಳ ಇಡೋದು ಭೂಮ್ಯಾಗ. ಬಾವಿ ಹಂಗ ತೆಗ್ಗ ತೋಡಿ, ಇಬ್ರು ಆಳು ಒಬ್ಬರ ಮ್ಯಾಲ ಒಬ್ಬರು ನಿಂತ್ರ ಮುಳಗಬೇಕು ಅಷ್ಟು, ತಳಕ್ಕ ಸುತ್ತಲೂ ಒಣಾ ದಂಟಿನ ಕಣಿಕಿ ಹಾಸಿ ಜ್ವಾಳ ಸುರವಿ, ಬಾಯಿಗಿ ಹಾಸಗಲ್ಲ ಇಟ್ಟು ಸೆಗಣಿ ಮಣ್ಣು ಮೆತ್ತಿ, ಅದರ ಮ್ಯಾಲ ಮಣ್ಣಿನ ದಿಬ್ಬಾ ಏರಸ್ತಿದ್ರು. ಯಾಕ ದಿಬ್ಬಾ? ಮಳಿ ನೀರು ನಿಲ್ಲಬಾರದು, ಹರದು ಹೋಗಬೇಕು. ಅದೇ ಮುಖ್ಯ. ಎಷ್ಟು ವರ್ಷ ಇಟ್ರೂ ಹುಳಾ ಹತ್ತತಿದ್ದಿಲ್ಲ. ತೆಗಿಯೂಮುಂದ ಬಾಯಿ ತೆಗದು ಒಂದಿನಾ ಹಂಗೇ ಬಿಡಬೇಕು, ಒಳಗಿನ ಝಳಾ ಹೋಗಬೇಕು, ಆಮ್ಯಾಗ ಕಂದೀಲ ಹಗ್ಗಕ್ಕ ಕಟ್ಟಿ ಇಳಿಬಿಡಬೇಕು, ದೀಪ ಆರಲಿಲ್ಲಂದ್ರ ಮನಷ್ಯಾ ಇಳೀಬೇಕು. ಅದು ನಮಗ ಗೊತ್ತಿತ್ತು ನೋಡ್ರಿ. ಉಸರು ಕಟ್ಟೋ ಝಳಾ ಗೊತ್ತಿತ್ತು. ಅದರ ಹೊರ್ತು ಇನ್ನೊಂದು ಅದಂತ ಯಾರಿಗೂ ಗೊತ್ತಿದ್ದಿಲ್ಲ.

ನಿಜಾಮಶಾಹಿ ಇತ್ತಲ್ಲ, ಲೆವಿ ಅಂತ ಹಾಕ್ತಿದ್ರು. ಬೆಳದ ಜ್ವಾಳದಾಗ ಸರಕಾರಕ್ಕ ಇಂತಿಷ್ಟು ಅಳದು ಕೊಡಬೇಕು. ಗಿರದಾವರ, ಕಂದಾಯದ ಸಾಹೇಬ, ಕುದರಿ ಮ್ಯಾಲ ಬರಾಂವ, ಕೈಯಾಗ ಕಬ್ಬಿಣ ಸಳಿ ಹಿಡಕೊಂಡು ಅಂಗಳ ಹಿತ್ತಲದಾಗ ದಿಬ್ಬಾ ಕಂಡಲ್ಲಿ ಚುಚ್ಚಾಂವ. ದಿಬ್ಬಾ ಅದ ಅಂದ್ರ ಹಗೇವ ಅದ. ಆ ವರ್ಷ ಬ್ಯಾಸಗ್ಯಾಗ ಜ್ವಾಳ ತುಂಬಿಸಿ ಆಯಿ ಅಪ್ಪಗ ಅಂದಳು, "ದಿಬ್ಬಾ ಕೆತ್ತಿ ಒಗಿ. ಸಮಾ ಮಾಡು. ಅದರ ಮ್ಯಾಲ ತಿಪ್ಪಿ ತಂದು ಹಾಕು. ಸೆಗಣ್ಯಾಗ ಯಾಂವ ಸಳಿ ಚುಚ್ಚತಾನ ನೋಡ್ತಿನಿ." ಅಪ್ಪ ಜರಾ ಅನುಮಾನ ಮಾಡ್ದ, "ಯವ್ವಾ, ಮಳಿ ಬಂದ್ರ ತಿಪ್ಪಿ ನೀರ ಹಿಡೀತದ." "ಮಳಿ ದೇವರು ನೋಡ್ಕೋತಾನ, ಗಿರದಾವರನ್ನ ಯಾಂವ ನೋಡ್ಕೋತಾನ?" ಅಂದಳು. ಆಯ್ತು. ಹಿತ್ತಲದ ಮೂಲ್ಯಾಗಿನ ತಿಪ್ಪಿ ಹೊತ್ತು ಹೊತ್ತು ತಂದು ಅಲ್ಲೇ ಹಗೇವದ ಬಾಯಿ ಮ್ಯಾಲ ಒಟ್ಟಿದ್ರು. ನಾನೂ ಬುಟ್ಟಿ ಹೊತ್ತೀನಿ. ಗಿರದಾವರ ಬಂದಾ, ಮೂಗ ಮುಚಗೊಂಡಾ, ಹೋದಾ. ಆಯಿ ಆವತ್ತು ನಕ್ಕಿದ್ದು ನೋಡಬೇಕಿತ್ತು ನೀವು. ಆಕಿ ನಗೋದೇ ಅಪರೂಪ.

ಆಮ್ಯಾಗ ನಿಜಾಮನ ಕಡಿಯವರ ಗದ್ದಲ ಜೋರಾತು. ಊರೂರು ಲೂಟಿ, ಇವತ್ತ ಇಲ್ಲಿ ಬಂದ್ರಂತ, ನಾಳಿ ಅಲ್ಲಿ ಬರ್ತಾರಂತ. ಸ್ವಂತ ನೆಳ್ಳಿಗಿ ಹೆದರೋ ಕಾಲ. ಅಪ್ಪ ಬಂಡಿ ಕಟ್ಟಿದ, ನಮ್ಮವ್ವನ ತವರಮನಿ ಔರಾದಕ್ಕ ಹೊಂಟಿವಿ. ಹೋಗೂಮುಂದ ಮನಿ ಕೀಲಿ ಖಾಜಾಬಿ ಕೈಗಿ ಕೊಟ್ಟಿವಿ. ಬ್ಯಾರೆ ಯಾರಿಗಿ ಕೊಡ್ತಿದ್ದಿವಿ, ಎಲ್ಲಾರೂ ಓಡೋವರೇ. ಆಯಿ ಅಂದಳು, "ಏ ಖಾಜಾಬೀ, ಮನ್ಯಾಗ ಏನೂ ಇಲ್ಲವಾ, ಬರೇ ಗ್ವಾಡಿ ಕಾಯೋದದ." ಹಗೇವದ ಸುದ್ದಿ ಹೇಳಲಿಲ್ಲ. ಬಂಡ್ಯಾಗ ಕುಂತ ಮ್ಯಾಲ ಅವ್ವ ಮೆಲ್ಲಕ ಕೇಳಿದಳು, "ಅತ್ತೀ, ಆಕಿಗಿ ಹೇಳಬೇಕಿತ್ತಲ್ರಿ?" "ಹೇಳಿ? ಆಕಿ ಮಂದಿ ಬಂದು ತೋಡಕೊಂಡು ಹೋಗ್ಲೇನು?" ಕೀಲಿ ಕೊಟ್ಟಿದ್ದಿವಿ, ನಂಬಿಕಿ ನಮ್ಮ ಕೂಡೇ ಬಂಡ್ಯಾಗ ಹಾಕ್ಕೊಂಡು ಬಂದಿದ್ದಿವಿ.

ಔರಾದದಾಗ ನಮ್ಮ ಮಾಮಗ ದೇವಣಿ ಎತ್ತು ಇದ್ವು, ಏನ್ ಎತ್ತು ಅಂತೀರಿ, ಕರೀ ಬಿಳೀ ಮಚ್ಚಿ, ಒಂದಂತೂ ನಾ ಕೈ ಮಾಡಿದ್ರ ಕತ್ತ ಕೆಳಗ ಮಾಡ್ತಿತ್ತು, ನಾ ಅದಕ್ಕ... ಇರ್ಲಿ, ಎತ್ತಿನ ಸುದ್ದಿ ಬ್ಯಾಡ ಈಗ. ಮಳಿ ಸುದ್ದಿ ಹೇಳ್ಬೇಕು. ಶ್ರಾವಣ... ಅಲ್ಲ ಅಲ್ಲ, ಶ್ರಾವಣದಾಗ ಜಿಟಿಜಿಟಿ ಇತ್ತು, ಖರೇ ಮಳಿ ಭಾದ್ರಪದದಾಗ ಬಂತು. ನಮ್ಮ ಕಡಿ ಮಳಿ ಅಂದ್ರ ಬಂದು ಹೋಗೋ ಬೀಗರಿದ್ದಂಗ. ಆ ಸರ್ತಿ ಬಂದಿದ್ದು ಹೋಗಲೇ ಇಲ್ಲ. ಹಗಲು ರಾತ್ರಿ ಒಂದೇ ಸಮ. ಗ್ವಾಡಿ ಕುಸದು ಬಿದ್ವು, ಅರಿವಿ ಒಣಗಲಿಲ್ಲ, ಹಾಸಗೀ ಅಡಿಗಿ ಹಸರು ಹಸರು ಆತು, ಕಟ್ಟಿಟ್ಟ ರೊಟ್ಟಿ ಮರದಿನ ಕೂದಲ ಬಂದಂಗ ಬೂಷ್ಟು. ಮರಾಠಿ ಮಂದಿ ಬುರ್ಸಿ ಅಂತಾರಲ್ಲ, ಅದೇ. ಮಳಿ ಇದ್ದಾಗೇ ಮಿಲ್ಟ್ರಿ ಬಂತಂತ ಸುದ್ದಿ ಬಂತು, ಪೋಲಿಸ್ ಆ್ಯಕ್ಷನ್ ಅಂದ್ರು, ನಿಜಾಮಶಾಹಿ ಮುಗೀತು ಅಂದ್ರು. ಎಲ್ಲಾರೂ ಕುಣದ್ರು. ಮಳಿ ನಿಂತ ಮ್ಯಾಲ ಬಿಸಲು ಬಿತ್ತು ನೋಡ್ರಿ, ದಸರಾ ಮುಂದಿನ ಬಿಸಲಲ್ಲ ಅದು, ಉಗಾದಿ ಬಿಸಲು. ನೆಲದಾಗಿಂದ ಉಗಿ ಏಳ್ತಿತ್ತು. ಆ ಉಗ್ಯಾಗೇ ಬಂಡಿ ಕಟಗೊಂಡು ಊರಿಗಿ ಬಂದಿವಿ.

ಬಂದು ನೋಡಿದ್ರ ಮನಿ ಇದ್ದಂಗೇ ಇತ್ತು. ಒಂದು ಗಡಗಿ ಸುದ್ದಾ ಹೋಗಿದ್ದಿಲ್ಲ. ಖಾಜಾಬಿ ಕೀಲಿ ತಂದು ಆಯಿ ಕೈಯಾಗ ಇಟ್ಟಳು. ಆಕಿ ಮಾರಿ ಇಳದು ಹೋಗಿತ್ತು. ಈಗ ಹೆದರೋ ಪಾಳಿ ಆಕಿದು ಬಂದಿತ್ತಲ್ಲ. ಸುತ್ತಲಿನ ಊರಾಗ ಆಕಿ ಮಂದಿಗಿ ಏನೇನೋ ಆಗಿತ್ತು, ಅದನ್ನ ಕೂಸಿನ ಮುಂದ ಹೇಳಾಂಗಿಲ್ಲ ನಾ. ಅಣ್ಣತಮ್ಮರು ಬೀದರಕ್ಕ ಬಾ ಅಂತ ಹೇಳಿ ಕಳಸಿದ್ರು, ಆಕಿ ಹೋಗಲಿಲ್ಲ, ನನ್ನ ಕಮಾನ ಇಲ್ಲೇ ಅದ, ನನ್ನ ಮನಿ ಇಲ್ಲೇ ಅದ ಅಂದಳಂತ. ಆಯಿ ಮಾತ್ರ ಕೀಲಿ ಇಸಗೊಂಡು ಒಳಗ ಬಂದಾಕಿ, "ಇಷ್ಟ ಸರಳ ಹ್ಯಾಂಗ ಉಳೀತು ಮನಿ? ಏನರೆ ಇರಬೇಕು" ಅಂದಳು. ಕಳದಿದ್ರೂ ಸಂಶೇ, ಉಳದಿದ್ರೂ ಸಂಶೇ.

ಅದಾಗಿ ನಾಕೈದ ದಿನಕ್ಕ ಮುಂಜಾನಿ ನಾ ಹಿತ್ತಲಕ್ಕ ಹೋದೆ. ಖಾಜಾಬಿ ನಮ್ಮ ತಿಪ್ಪಿ ಬಾಜೂಕ ನಿಂತಿದ್ದಳು. ಕೈಯಾಗ ಬುಟ್ಟಿ. ಬುಟ್ಟ್ಯಾಗಿಂದು ತಿಪ್ಪಿ ಬುಡಕ್ಕ ಸುರದು ಕಾಲಲಿಂದ ಒತ್ತಲತ್ತಿದ್ದಳು. ನನ್ನ ನೋಡಿ ಗಕ್ಕನ ನಿಂತಳು. "ಏನ್ ಚಿಗವ್ವ?" ಅಂದೆ. "ಏನಿಲ್ಲವಾ ಗುರಮ್ಮ, ಬೂದಿ ಚೆಲ್ಲಲಾಕ ಬಂದಿದ್ದೆ" ಅಂತ ಹೋದಳು. ನಾ ಹೋಗಿ ನೋಡಿದೆ, ಮುಟ್ಟಿನೂ ನೋಡಿದೆ. ಇದು ನೆನಪಿಟಗೋರಿ, ಮುಟ್ಟಿ ನೋಡಿದ್ದೆ.

ದೀವಳಿಗಿ ಮುಂದ ಹಗೇವ ತೆಗದ್ರು. ತಿಪ್ಪಿ ಸರಿಸಿ, ಬಾಯಿ ತೆಗದು, ಒಂದಿನಾ ಬಿಟ್ಟು, ಕಂದೀಲ ಇಳಿಬಿಟ್ಟು, ಎಲ್ಲಾ ರೀತಿ ಪ್ರಕಾರ. ಅಪ್ಪ ಇಳದು ಬುಟ್ಟಿ ತುಂಬಿ ಕೊಟ್ಟ. ಜ್ವಾಳ ಬೆಚ್ಚಗಿತ್ತು, ಕೈಯಾಗ ಹಿಡದ್ರ ರೊಟ್ಟಿ ಇಟ್ಟ ಬುಟ್ಟ್ಯಾಗ ಕೈ ಇಟ್ಟಂಗ. ಗ್ವಾಡಿಗಿ ಹತ್ತಿದ್ದು ಹೆಂಟಿ ಹೆಂಟಿ. "ಹಗೇವದ ವಾಸನಿ ಹಂಗೇ ಇರ್ತದ" ಅಂದಳು ಆಯಿ. ಅಪ್ಪ ಮ್ಯಾಲ ಬಂದಾಂವ ಆವತ್ತ ಸಂಜೀತನಕ ಕೆಮ್ಮಿದ. ಬೀಡಿ ಸಲುವಾಗಿ ಅಂದ್ರು. ಇನ್ನ ಹಸನ ಮಾಡಬೇಕಲ್ಲ? ಜ್ವಾಳ ಹಸನ ಮಾಡೋದು ಎಲ್ಲಿ? ಅಂಗಳದಾಗ, ಗಾಳಿಗಿ. ಎಲ್ಲಾ ಹೆಣಮಕ್ಕಳು ಹಂಗೇ ಮಾಡ್ತಿದ್ರು. ಆದ್ರ ಆಯಿ, "ಅಂಗಳದಾಗ ಜ್ವಾಳ ಕೇರಿದ್ರ ಊರಿಗೆಲ್ಲಾ ಡಂಗುರ ಹೊಡದಂಗ. ಸರಕಾರ ಬದಲಾದ್ರ ಗಿರದಾವರ ಬದಲಾದನೇನು? ಆಜೂಬಾಜೂದವರ ಕಣ್ಣು ಸುಮ್ನಿರ್ತಾವೇನು?" ಅಂತ ಅಡಗಿಮನಿ ಹಿಂದಿನ ಕ್ವಾಣ್ಯಾಗ ಅವ್ವಗ ಕುಂದ್ರಿಸಿದಳು. ಬಾಗಲಾ ಹಾಕಿಸಿದಳು. ಬೆಳಕಿಂಡಿಗಿ ಹಳೀ ಅರಿವಿ ತುರುಕಿಸಿದಳು, ಜ್ವಾಳ ಕೇರೋ ಮರದ ಸಪ್ಪಳ ಹೊರಗ ಕೇಳಬಾರದಂತ. ಎಂಟು ದಿನಕ್ಕೊಮ್ಮಿ ಆ ಕೆಲಸ. ನಾ ಬಾಗಲ ಹೊರಗ ಕಾವಲ. ಯಾರರೆ ಬಂದ್ರ ಕೆಮ್ಮಬೇಕು ನಾ. ಆದ್ರ ಕೆಮ್ಮು ನನಗ ಬರಲಿಲ್ಲ, ಒಳಗಿದ್ದಾಕಿಗಿ ಬಂತು.

ಮೊದಲ ದಿನ ಮಧ್ಯಾನದ ತನಕ ಕುಂತು ಕೇರಿ ಹೊರಗ ಬಂದಳು, ತಲಿ ಹುಬ್ಬು ಎಲ್ಲಾ ಬೂದಬಣ್ಣ. ಸಂಜಿಮುಂದ ಗಡಗಡ ಚಳಿ ಹಿಡೀತು. ಕಂಬಳಿ ಮ್ಯಾಲ ಕಂಬಳಿ ಹಾಕಿದಿವಿ. ಮೈ ಕೆಂಡ, ಒಣಾ ಕೆಮ್ಮು, ಎದಿ ಬಿಗಿಬಿಗಿ, ದಮ್ಮು ಹತ್ತಿ ಮಾತಾಡಲಾಕ ಬರ್ತಿದ್ದಿಲ್ಲ, "ಯವ್ವಾ ಗುರಮ್ಮಾ" ಅನ್ನಲಾಕ ಎರಡು ಸರ್ತಿ ಉಸರು ತಗೋಬೇಕು. ಎರಡು ದಿನಕ್ಕ ಆರಾಮಾತು. ಚಳಿಜ್ವರ ಅಂದ್ರು. ಮತ್ತ ಎಂಟು ದಿನಕ್ಕ ಜ್ವಾಳಕ್ಕ ಕುಂತಳು, ಸಂಜಿಗಿ ಮತ್ತ ಅದೇ. ಮೂರನೇ ಸರ್ತಿ ತುಟಿ ನೀಲಿ ಆದ್ವು. ನನಗ ಇನ್ನೂ ಕಣ್ಣಾಗ ಅದ ಆ ತುಟಿ. ಅವ್ವ ಸಾಯ್ತಾಳ ಅಂತ ನನಗ ಖಾತ್ರಿ ಆಗಿತ್ತು, ಯಾರೂ ನನ್ನ ಮುಂದ ಅನ್ನಲಿಲ್ಲ, ನನಗ ತಿಳೀತು.

ಅಪ್ಪ ಬಂಡ್ಯಾಗ ಹಾಕ್ಕೊಂಡು ಬೀದರಕ್ಕ ಒಯ್ದ, ಹಕೀಮನ ಕಡಿ. ನಮ್ಮ ಸ್ವಾದರತ್ತಿ ಮನಿ ಕಿಲ್ಲೇದ ಕಡಿ ಇತ್ತು, ಅಲ್ಲಿ ಹತ್ತು ದಿನ ಇಟಗೊಂಡ್ರು. ಹಕೀಮ ನಾಡಿ ಹಿಡದು ಕಾಡಾ, ಅಂದ್ರ ಕಷಾಯ, ಕುದಿಸಿ ಕುಡಿ ಅಂದ. ಬೀದರದ ಗಾಳಿ ಗೊತ್ತಲ್ಲ, ಎತ್ತರಿನ ಊರು. ನಾಕ ದಿನದಾಗ ಅವ್ವ ಕೊಡಾ ಹೊತ್ತು ನೀರ ತರೋಷ್ಟು ಆರಾಮ. ಹಕೀಮನ ಕೈಗುಣ ಅಂತ ಎಲ್ಲಾರೂ ಹೊಗಳಿದ್ರು. ಊರಿಗಿ ಬಂದಳು. ಮರದಿನ ಆಯಿ, "ಮನ್ಯಾಗ ಹಿಟ್ಟಿಲ್ಲ" ಅಂದಳು. ಕ್ವಾಣ್ಯಾಗ ಕುಂತಳು. ಸಂಜಿಗಿ ಚಳಿ. ಮೊದಲಿನಕಿಂತ ಜಾಸ್ತಿ.

ಈಗ ನೀವೇ ಹೇಳ್ರಿ, ಹೊರಗ ಹೋದ್ರ ಆರಾಮ, ಮನಿಗಿ ಬಂದ್ರ ಬ್ಯಾನಿ. ಏನ್ ತಿಳೀತದ ಮಂದಿಗಿ? ಯಾರೋ ಏನೋ ಮಾಡ್ಯಾರ. ಆಯಿ ಮನಿ ಎಲ್ಲಾ ಜಾಲಾಡಿದಳು. ಅವ್ವನ ತಲಿದಿಂಬು ಖಾಜಾಬಿ ಮಾಡಿ ಕೊಟ್ಟಿದ್ದು. ಆಯಿ ಈಳಿಗಿಲಿಂದ ಅದನ್ನ ಅಂಗಳದಾಗೇ ಸೀಳಿದಳು. ಹತ್ತಿ ಹಾರಿ ಬೇವಿನ ಗಿಡಕ್ಕೆಲ್ಲಾ ಹತ್ತಿಕೊಂತು. ಲಿಂಬಿಕಾಯಿ ಇಲ್ಲ, ಸೂಜಿ ಇಲ್ಲ, ಕೂದಲ ಇಲ್ಲ, ಬರೇ ಹತ್ತಿ, ಛಂದ ಹಿಂಜಿದ ಹತ್ತಿ. "ಸಿಗಲಿಲ್ಲಂದ್ರ ಶಾಣ್ಯಾಕಿ ಇದ್ದಾಳ ಅಂತ ಅರ್ಥ" ಅಂದಳು. ಗ್ವಾಡಿ ಆಚಿಗಿ ಕಮಾನದ ಸಪ್ಪಳ ನಿಂತಿತ್ತು. ಆಕಿ ಎಲ್ಲಾ ಕೇಳಿರಬೇಕು. ಕೇಳೇ ಇರಬೇಕು.

ಮರದಿನ ಮುಂಜಾನಿ ಪೋಲಿಸ್ ಪಾಟೀಲ, ಅಂವನ ಸಂಗಾಟ ಊರಿನ ಇಬ್ರು ಹಿರ್ಯಾರು ನಮ್ಮ ಕಟ್ಟಿಗಿ ಬಂದು ಕುಂತ್ರು. ಆಯಿನೇ ಕರಸಿದ್ದಳು. ಅವ್ವ ಒಳಗ ಗ್ವಾಡಿಗಿ ಆನಿಸಿಕೊಂಡು ಕುಂತಿದ್ದಳು, ಅಡ್ಡಾದ್ರ ಉಸರು ಬರ್ತಿದ್ದಿಲ್ಲ. ಪಾಟೀಲ ಕೇಳ್ದ, "ಆಕಿ ಮ್ಯಾಲ ಸಂಶೇ ಅಂತೀರಿ, ಕಂಡವರು ಯಾರು?" ಆಯಿ ನನ್ನ ರಟ್ಟಿ ಹಿಡದು ಮುಂದ ನಿಲ್ಲಿಸಿದಳು. "ಈಕಿ ಹಿತ್ತಲದಾಗ ಏನೋ ಕಂಡಾಳ. ಹೇಳ ಏ ಗುರಮ್ಮಿ." ನಾ ಆಯಿಗಿ ಮೊದಲೇ ಹೇಳಿದ್ದೆ, ಖಾಜಾಬಿ ತಿಪ್ಪಿ ಕಡಿ ನಿಂತಿದ್ದಳಂತ. ಅಷ್ಟು ದೊಡ್ಡ ಮಂದಿ ನನ್ನ ಬಾಯಿ ನೋಡಲತ್ತಾರ, ಒಳಗ ಅವ್ವನ ಉಸರು ಸುಂಯ್ ಸುಂಯ್ ಕೇಳಲತ್ತದ. ನಾ ಅಂದೆ, "ಚಿಗವ್ವ ನಮ್ಮ ಹಗೇವದ ಮ್ಯಾಲ ಬಿಳಿ ಪುಡಿ ಹಾಕಿದ್ದು ಕಂಡೀನ್ರಿ." ಬಿಳಿ ಪುಡಿ. ಹಿರ್ಯಾರ ಪೈಕಿ ಒಬ್ಬಾಂವ ಎದ್ದೇ ನಿಂತ. "ಜ್ವಾಳಕ್ಕ ವಿಷ ಹಾಕ್ಯಾಳ. ಭಾಲ್ಕಿ ರಸ್ತೇದಾಗ ಹುಡುಗೂರು ಬಡಗಿ ಹಿಡಕೊಂಡು ಕುಂತಾರ, ಒಂದ ಮಾತ ಹೇಳಿದ್ರ ಸಾಕು." ಆ ದಿನದಾಗ ಆ ಮಾತಿನ ಅರ್ಥ ಏನಂತ ಸಣ್ಣ ಹುಡುಗೀಗೂ ಗೊತ್ತಿತ್ತು. ಅಪ್ಪ ಅಡ್ಡ ಬಂದು, "ತಡೀರಿ, ಆಕಿನ್ನ ಒಮ್ಮಿ ಕೇಳೂಣು" ಅಂದ. ಅಪ್ಪ ಜೀವನದಾಗ ಮಂದಿ ಮುಂದ ಆಯಿಗಿ ಎದರ ಮಾತಾಡಿದ್ದು ಅದೊಂದೇ ಸರ್ತಿ.

ಕರಿಯೋದೇನ ಬಂತು, ಆಕಿನೇ ಬಂದಳು. ಸೆರಗ ತಲಿಮ್ಯಾಲ ಎಳಕೊಂಡು ಅಂಗಳದಾಗ ನಿಂತಳು. ಆಯಿ ಮಾತಾಡೂಕಿಂತ ಮೊದಲೇ ಕೇಳಿದಳು, "ಆಯಿ, ನಿಮ್ಮ ಸೊಸಿಗಿ ಚಳಿ ಯಾವ ಹೊತ್ತಿಗಿ ಬರ್ತದರಿ?" "ನಿನಗ್ಯಾಕ ಅದು? ಸಂಜಿಗಿ." "ಜ್ವಾಳಕ್ಕ ಕುಂತ ದಿನ ಸಂಜಿಗೇನು?" ಅದನ್ನ ಯಾರೂ ಲೆಕ್ಕಾ ಹಾಕಿದ್ದಿಲ್ಲ ನೋಡ್ರಿ. ಖಾಜಾಬಿ ಅಂದಳು, "ನಮ್ಮವರಿಗೂ ಹಿಂಗೇ ಇತ್ತರಿ. ಹಬ್ಬಕ್ಕ ನಾಕ ದಿನ ಕಮಾನ ಇಟ್ರ ಆರಾಮ, ಮತ್ತ ಹತ್ತಿಗಿ ಕುಂತ ದಿನ ಸಂಜಿಗಿ ಚಳಿ, ಎದಿ ಬಿಗಿಯೋದು. ಹತ್ತಿ ಧೂಳಾ ಒಳಗ ಹೋಗಿ ಹೋಗಿ ಸತ್ತರು. ಅದಕ್ಕ ನಾ ಬಾಗಲಾ ಮುಚ್ಚಾಂಗಿಲ್ಲ. ವಿಷಾ ಜ್ವಾಳದಾಗ ಇದ್ರ ರೊಟ್ಟಿ ಎಲ್ಲಾರೂ ಉಂಡೀರಿ, ಬ್ಯಾನಿ ಒಬ್ಬಾಕಿಗೇ ಯಾಕರಿ?"

"ಮತ್ತ ಬಿಳಿ ಪುಡಿ?" ಅಂದ ಪಾಟೀಲ. ಆಕಿ ನನ್ನ ಕಡಿ ನೋಡಿದಳು. ಬೈಯಲಿಲ್ಲ. "ಬೂದಿ ಅದು. ಅಂಥಾ ಮಳ್ಯಾಗ ತಿಪ್ಪಿ ಬುಡಕ್ಕ ನೀರ ನಿಂತು ನಿಂತು ನೆಲಾ ಬಿರದು, ಆ ಬಿರಕಿನ್ಯಾಗ ನೀರ ಗುಟುಗುಟು ಇಳೀಲತ್ತಿತ್ತು. ಮಳ್ಯಾಗ ನಿಂತು ಕಾಲಿವಿ ತೋಡೀನಿ, ನಿಲ್ಲಲಿಲ್ಲ. ಆಮ್ಯಾಗೂ ಬಿರಕು ಉಳದಿತ್ತು, ಬೂದಿ ಹಾಕಿ ತುಳದೆ." ಆಯಿ ಮಾರಿ ಒಂಥರಾ ಆತು. "ಹಗೇವ ಅಲ್ಲಿ ಅದ ಅಂತ ನಿನಗ ಹ್ಯಾಂಗ ಗೊತ್ತಾತು?" "ಬ್ಯಾಸಗ್ಯಾಗ ಮೂರು ಮಂದಿ ತಿಪ್ಪಿ ಹೊತ್ತು ಕುಣೀಲತ್ತಿದ್ರಿ, ಗ್ವಾಡಿ ಆಚಿಗಿ ನಾ ಕುರುಡಿನೇನು? ಲೂಟಿಯವರು ಬಂದಾಗ ಅದೇ ತಿಪ್ಪಿ ಮ್ಯಾಲ ಕುಂತು ಕುಳ್ಳು ತಟ್ಟೀನಿ, ಅವರು ನನ್ನ ನೋಡಿ ನಮ್ಮ ಮಂದೀದೇ ಮನಿ ಅಂತ ಹೋದ್ರು. ನೀವು ಬಂದ ಮ್ಯಾಲ ನೀರ ಇಳದದ ಅಂತ ಹೇಳೋಣಂದ್ರ, ಹೇಳಿದ್ರ ಏನಂತಿದ್ರಿ? ಈಗ ಅಂದಿರಿ ನೋಡ್ರಿ, ಅದನ್ನೇ ಅಂತಿದ್ರಿ."

ಆಯಿ ಸೋಲೋ ಪೈಕಿ ಅಲ್ಲ. "ಮಾತಿಗೇನು, ಸಾವಿರ ಆಡಬೌದು" ಅಂದಳು. ಆವಾಗ ಖಾಜಾಬಿ ಅಂದಳು, "ಹಂಗಾದ್ರ ಒಂದ ಬುಟ್ಟಿ ಜ್ವಾಳ ನೀವು ತಗೋರಿ, ಅದೇ ಕ್ವಾಣ್ಯಾಗ, ಬಾಗಲಾ ಹಾಕ್ಕೊಂಡು, ಬೆಳಕಿಂಡಿಗಿ ಅರಿವಿ ತುರಕಿ ಹಸನ ಮಾಡ್ರಿ. ಒಂದ ಬುಟ್ಟಿ ನಾ ಇಲ್ಲಿ ಬೈಲಾಗ ಗಾಳಿಗಿ ತೂರತೀನಿ, ಮೂಗಿಗಿ ಅರಿವಿ ಕಟ್ಟಿ. ವಿಷಾ ಇದ್ರ ಇಬ್ಬರಿಗೂ ಹತ್ತಬೇಕು. ಸಂಜೀತನಕ ನಾ ಇಲ್ಲಿಂದ ಕದಲಾಂಗಿಲ್ಲ, ಪಾಟೀಲರು ಕುಂದ್ರಲಿ." ಆಯಿ ಹಟಕ್ಕ ಬಿದ್ದು ಮರಾ ತಗೊಂಡು ಒಳಗ ಹೋಗಿ ಧಡ್ಡಂತ ಬಾಗಲಾ ಹಾಕ್ಕೊಂಡಳು. ಖಾಜಾಬಿ ಅಂಗಳದಾಗ ಗಾಳಿಗಿ ಬೆನ್ನು ಮಾಡಿ ನಿಂತು ತೂರಿದಳು. ಮೊದಲ ಮರಾ ಎತ್ತಿ ಇಳಿಸಿದ್ದೇ ತಡ, ಬಿಸಲಾಗ ಕಂಡಿತು ನೋಡ್ರಿ, ಜ್ವಾಳದಾಗಿಂದ ಬೂದಬಣ್ಣದ ಹೊಗಿ ಎದ್ದು ಹಿತ್ತಲದ ಕಡಿ ಹೋತು. ಹೊಗಿನೇ, ನೀರ ಇಳದ ಜ್ವಾಳದ ಬೂಷ್ಟು ಅದು. ಪಾಟೀಲ ಮೂಗ ಮುಚಗೊಂಡು ಎದ್ದು ಆಚಿ ಕಟ್ಟಿಗಿ ಹೋಗಿ ಕುಂತ. ಇಷ್ಟೂ ಆ ಮುಚ್ಚಿದ ಕ್ವಾಣ್ಯಾಗ ನಮ್ಮವ್ವನ ಎದ್ಯಾಗ ಹೋಗಿತ್ತು. ಎಲ್ಲಾರಿಗೂ ಕಂಡಿತು, ಒಳಗ ಆಯಿ ಮರದ ಸಪ್ಪಳ ನಡದೇ ಇತ್ತು.

ಹೊತ್ತು ಇಳೀಲಾಕ ಬಂತು. ಆಯಿ ಹೊರಗ ಬಂದು ಕಟ್ಟಿ ಮ್ಯಾಲ ಕುಂತಿದ್ದಳು, ಮಾರಿ ಬಿಗಿ ಮಾಡ್ಕೊಂಡು. ಖಾಜಾಬಿ ಅಂಗಳದಾಗೇ ಕುಂತಿದ್ದಳು. ನಾ ಒಮ್ಮಿ ಈಕಿ ಕಡಿ ನೋಡ್ತಿನಿ, ಒಮ್ಮಿ ಆಕಿ ಕಡಿ ನೋಡ್ತಿನಿ. ದೇವರಾಣಿ ಹೇಳ್ತಿನಿ, ಆಯಿಗಿ ಚಳಿ ಬರ್ಲಿ ಅಂತ ಬೇಡಿಕೊಂಡೆ. ಸ್ವಂತ ಆಯಿಗಿ! ದನಾ ಮನಿಗಿ ಬರೋ ಹೊತ್ತಿಗಿ ಆಯಿ ಸೆರಗ ಬಿಗಿಯಾಗಿ ಸುತಗೊಂಡಳು. ಆಮ್ಯಾಗ ಹಲ್ಲು ಕಟಕಟ ಅಂದ್ವು. ತಡಕೋಬೇಕಂತ ನೋಡಿದಳು, ಆಗಲಿಲ್ಲ, ಕೆಮ್ಮು ಹತ್ತಿ ಕಟ್ಟಿ ಮ್ಯಾಲೇ ಬಗ್ಗಿದಳು. ಪಾಟೀಲ ಎದ್ದು ತಲಿ ಮ್ಯಾಲಿನ ಪಟಗಾ ಸರಿ ಮಾಡ್ಕೊಂಡು, "ಇಲ್ಲಿ ನಮ್ಮ ಕೆಲಸ ಇಲ್ಲ, ಏಳ್ರಿ" ಅಂತ ಹಿರ್ಯಾರಿಗಿ ಕರಕೊಂಡು ಹೋದ. ಕಂಬಳಿ ತಂದು ಆಯಿಗಿ ಹೊಚ್ಚಿದಾಕಿ ಯಾರಂತೀರಿ? ಖಾಜಾಬಿನೇ. ಹೊಚ್ಚಿ, ಒಳಗ ಹೋಗಿ ಬೆಳಕಿಂಡಿ ಅರಿವಿ ಕಿತ್ತಿ ಒಗದು, ಬಾಗಲಾ ಅಗಲ ತೆಗದು, ಅವ್ವನ ಹಾಸಗಿ ಗಾಳಿ ಬರೋ ಕಡಿ ಎಳದು ಹಾಕಿ, ತನ್ನ ಮನಿಗಿ ಹೋದಳು.

ಹೆಂಟಿ ಕಟ್ಟಿದ್ದ ಜ್ವಾಳ ಅಪ್ಪ ದೂರ ಒಯ್ದು ತೆಗ್ಗಿನ್ಯಾಗ ಮುಚ್ಚಿದ. ಉಳದಿದ್ದು ಬಿಸಲಿಗಿ ಹಾಕಿ ಬೈಲಾಗ ತೂರಿ ತಗೊಂಡಿವಿ, ಊರೆಲ್ಲಾ ನೋಡ್ತು, ಏನೂ ಆಗಲಿಲ್ಲ, ಯಾವ ಗಿರದಾವರನೂ ಬರಲಿಲ್ಲ. ಅವ್ವ ಉಳದಳು. ಆದ್ರ ಮಳಿಗಾಲ ಬಂತಂದ್ರ ಎದಿ ಸುಂಯ್ ಅಂತಿತ್ತು, ಸಾಯೋತನಕ ಹೋಗಲಿಲ್ಲ ಅದು. ಆಯಿ ಒಂದಿನ ಹೊಸ ಜ್ವಾಳದ ರೊಟ್ಟಿ, ಪುಂಡಿಪಲ್ಯ ನನ್ನ ಕೈಯಾಗ ಕೊಟ್ಟು ಖಾಜಾಬಿ ಮನಿಗಿ ಕಳಿಸಿದಳು. ಬಾಯಿಲಿಂದ ತಪ್ಪಾತು ಅನ್ನಲಿಲ್ಲ, ಅಷ್ಟು ಇಳದು ಬಂದಿದ್ದೇ ದೊಡ್ಡದು ಆಕಿಗಿ. ಖಾಜಾಬಿ ರೊಟ್ಟಿ ಇಸಗೊಂಡಳು. ನಾ ಹೋಗಲಿಲ್ಲ, ಅಲ್ಲೇ ಬಾಗಲಾಗ ನಿಂತೆ. "ಚಿಗವ್ವ" ಅಂದೆ. ಆಕಿ ಕಮಾನ ಬಿಗೀಲತ್ತಿದ್ದಳು, ಮಾರಿ ಎತ್ತಲಿಲ್ಲ. "ನೀ ಮುಟ್ಟಿ ನೋಡಿದ್ದು ನಾ ತಿರುಗಿ ನೋಡೀನಿ ಗುರಮ್ಮಾ" ಅಂದಳು. "ಬೂದಿ ಅಂತ ನಿನಗ ಗೊತ್ತಿತ್ತು." ಗೊತ್ತಿತ್ತರಿ. ದಿನಾ ಒಲಿ ಬಳಿಯೋ ಹುಡುಗಿ ನಾ, ಬೂದಿ ಗೊತ್ತಾಗಲ್ಲೇನು? ಬೂದಿ ಅಂದಿದ್ರ ಯಾರೂ ನನ್ನ ಬಾಯಿ ನೋಡತಿದ್ದಿಲ್ಲ, ಅದಕ್ಕ ಬಿಳಿ ಪುಡಿ ಅಂದೆ. ಆ ಬ್ಯಾಸಗ್ಯಾಗ ಆಕಿ ಕಮಾನ ಹೆಗಲಿಗಿ ಹಾಕ್ಕೊಂಡು ಅಣ್ಣತಮ್ಮರ ಕಡಿ ಬೀದರಕ್ಕ ಹೋದಳು. ಗದ್ದಲದಾಗ ಬಿಡಲಿಲ್ಲ ಊರು, ನಮ್ಮ ಸಲುವಾಗಿ ಬಿಟ್ಟಳು. ನಾ ಲಗ್ನ ಆಗಿ ಬೀದರಕ್ಕ ಬಂದ ಮ್ಯಾಲ ಪಿಂಜಾರರ ಓಣ್ಯಾಗ ಎಷ್ಟು ಸರ್ತಿ ಕೇಳೀನಿ, ಧುಂಯ್ ಅಂದಲ್ಲೆಲ್ಲಾ ಇಣಿಕಿ ನೋಡೀನಿ. ಸಿಗಲಿಲ್ಲ.

ಅದಕ್ಕ ಹೇಳ್ಲತ್ತೀನಿ, ಹಾಲಿನಾಂವನ್ನ ಬಿಡ್ರಿ. ಈ ಸರ್ತಿ ಮಳಿ ಹ್ಯಾಂಗ ಹೊಡೀತು, ಆಮ್ಯಾಗ ಬಿಸಲು ಹ್ಯಾಂಗ ಕಾಯ್ತು, ಮರತೀರೇನು? ಕೂಸು ಮಲಗೋ ಖೋಲ್ಯಾಗ ಆ ಅಲಮಾರಿ ಜರಾ ಮುಂದ ಸರಿಸಿ ಹಿಂದಿನ ಗ್ವಾಡಿ ನೋಡು ಮಲ್ಲು, ಕರ್ರಗ ಆಗ್ಯದ, ನಾ ನಿನ್ನೆ ಮೂಸಿ ನೋಡೀನಿ, ಅದೇ ಹಗೇವದ ವಾಸನಿ. ಆ ಕೂಲರ್ ಒಳಗಿನ ಹುಲ್ಲು ಎಷ್ಟು ವರ್ಷದ್ದು? ಕಿಡಕಿ ಎಂದ ತೆಗದಿರಿ? ಮೊದಲ ಗ್ವಾಡಿ ಮೂಸ್ರಿ, ಮನಷ್ಯಾರನ್ನ ಆಮ್ಯಾಗ. ಏಳು, ಏನ್ ಮಾರಿ ನೋಡ್ಲತ್ತಿ ನನ್ನದು, ಕಿಡಕಿ ತೆಗಿ ಹೋಗು.